ಲಾಂಡ್ರಿ ಇದ್ದ ಕ್ಯಾಸೆಟ್ಟು

ಹನುಮಂತರಾಜು ಮತ್ತು ನಾನು ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ವರ್ಷ ಇದ್ದೆವು. ಅವನು ಮಂಡ್ಯದವನು. ನಾನು ಹಸನ್, ಮೈಸೂರಿನ ಮಂಡಿ ಮೊಹಲ್ಲಾದವನು. ಅಡುಗೆಮನೆ ಹಂಚಿಕೊಂಡೆವು, ಕಾರು ಹಂಚಿಕೊಂಡೆವು, ಟಿವಿ ಮಾತ್ರ ಹಂಚಿಕೊಳ್ಳಲಿಲ್ಲ. ಅದು ಅವನದೇ. ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ರಿಮೋಟ್ ಹುಡುಕುತ್ತಿದ್ದ. ನಾನು ಸುದ್ದಿ ನೋಡಬೇಕೆಂದರೆ ಪಕ್ಕದ ಮನೆಯ ಬಾಗಿಲು ತಟ್ಟಬೇಕಿತ್ತು.

ಅವನಿಗೆ ಒಂದು ಸ್ಟಾರ್ಟಪ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ತೋರಿಸುವುದು. ಆ ವರ್ಷಗಳಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಷೇರಿನ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಯಾರ ಕಂಪನಿ ಐಪಿಓ ಆಯಿತು, ಯಾರು ಲಾಸ್ ಗ್ಯಾಟೋಸ್‌ನಲ್ಲಿ ಮನೆ ನೋಡಿದರು, ಬರೀ ಇದೇ. ಅವರ ನಡುವೆ ಈ ಪುಣ್ಯಾತ್ಮ ತಟ್ಟೆ ಹಿಡಿದುಕೊಂಡು, 'ಈಗ ಏನು ನೋಡ್ತಾ ಇದೀರಾ? ಏನಾದ್ರೂ ಓದ್ತಾ ಇದೀರಾ?' ಎಂದು ಕೇಳಿಕೊಂಡು ಸುತ್ತುತ್ತಿದ್ದ. ಹಿಂದಿನಿಂದ ಅವನನ್ನು ಎಲ್ಲರೂ ಕ್ಯಾಸೆಟ್ ರಾಜು ಎನ್ನುತ್ತಿದ್ದರು. ಮುಂದಿನಿಂದಲೂ ಅಂದವರಿದ್ದಾರೆ.

ಊರಿನಿಂದ ಹೊಸದಾಗಿ ಬಂದವರನ್ನು ನಮ್ಮವರು ಮೊದಲು ಗ್ರೋಸರಿ ಅಂಗಡಿಗೆ ಕರೆದುಕೊಂಡು ಹೋಗಿ, ಆಮೇಲೆ ನಮ್ಮ ಮನೆಗೆ ಕರೆತರುತ್ತಿದ್ದರು. ರಾಜು ಡಾಕ್ಟರ ಹಾಗೆ ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಿದ್ದ. ನಿದ್ದೆ ಬರುತ್ತದಾ, ಊರಿನ ನೆನಪು ಬೆಳಿಗ್ಗೆ ಜಾಸ್ತಿಯೋ ಸಂಜೆಯೋ, ಇಲ್ಲಿಯವರ ಇಂಗ್ಲಿಷ್ ತಲೆಗೆ ಹೋಗದಿರುವುದು ಆಫೀಸಿನಲ್ಲೋ ಅಂಗಡಿಯಲ್ಲೋ. ಎಲ್ಲ ಕೇಳಿ ಒಂದು ಸಿಟ್‌ಕಾಮ್, ಅಂದರೆ ಟಿವಿಯಲ್ಲಿ ವಾರವಾರ ಬರುವ ಒಂದು ಹಾಸ್ಯ ಧಾರಾವಾಹಿ, ಹೇಳುತ್ತಿದ್ದ. ಮೀಟಿಂಗಿನಲ್ಲಿ ಬಾಯಿ ಬಿಡಲು ಹೆದರುವವರಿಗೆ ಒಬ್ಬಳು ವಕೀಲೆಯ ಕಥೆ. ಅದಕ್ಕೆ ನಮ್ಮ ಮನೆಗಳಲ್ಲಿ 'ಲಾಯರಮ್ಮ' ಎಂದೇ ಹೆಸರು. ಹೊಸದಾಗಿ ಮದುವೆಯಾಗಿ ಬಂದು ಮಾತುಮಾತಿಗೆ ಜಗಳವಾಡುವವರಿಗೆ, ಒಂದೇ ಗೋಡೆಯ ಆಚೀಚೆ ಇರುವ ಎರಡು ಸಂಸಾರಗಳ ಕಥೆ. ವೀಸಾದ ದೆಸೆಯಿಂದ ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತ ಹೆಂಗಸರಿಗೆ 'ಲಾಂಡ್ರಿ'. ಅದರಲ್ಲಿ ಮೂವರು ಅಣ್ಣತಮ್ಮಂದಿರು ಒಂದು ಬಟ್ಟೆ ಒಗೆಯುವ ಅಂಗಡಿ ಇಟ್ಟುಕೊಂಡು ಕಚ್ಚಾಡುತ್ತಿರುತ್ತಾರೆ. ಮಹಡಿಯ ಮೇಲಿನ ಅಜ್ಜಿ ಕಿಟಕಿಯಿಂದ ಅವರ ತಲೆಗೆ ಗುರಿಯಿಟ್ಟು ಚಪ್ಪಲಿ ಎಸೆಯುತ್ತಾಳೆ. ಪ್ರತಿ ವಾರವೂ ಎಸೆಯುತ್ತಾಳೆ, ಪ್ರತಿ ವಾರವೂ ಪರದೆಯ ಹಿಂದಿನ ಕಾಣದ ಜನ ಗೊಳ್ಳೆಂದು ನಗುತ್ತಾರೆ.

ಹೇಳಿ ಸುಮ್ಮನಾಗುವ ಜಾಯಮಾನ ಅವನದಲ್ಲ. ಜಾಹೀರಾತು ಬಂದಾಗ ನಿಲ್ಲಿಸಿ, ಮುಗಿದಾಗ ಒತ್ತಿ, ತಾನೇ ರೆಕಾರ್ಡ್ ಮಾಡಿ ಮನೆಮನೆಗೆ ಕೊಟ್ಟು ಬರುತ್ತಿದ್ದ. ನೋಡಿದ ಕ್ಯಾಸೆಟ್ಟುಗಳು ಚೀಲದಲ್ಲಿ ವಾಪಸು ಬರುತ್ತಿದ್ದವು. ಅವುಗಳ ಮೇಲೆ ಮತ್ತೆ ಹೊಸ ಕಂತು.

ಒಂದು ಕಾಯಿಲೆಗೆ ಮಾತ್ರ ಅವನು ಸಿಟ್‌ಕಾಮ್ ಕೊಡುತ್ತಿರಲಿಲ್ಲ. ನಮ್ಮ ಗೆಳೆಯ ಸಲೀಮನ ತಂದೆ ತೀರಿಕೊಂಡಾಗ ವೀಸಾ ಕಾಗದಗಳು ಅರ್ಧದಲ್ಲಿದ್ದವು, ಊರಿಗೆ ಹೋಗಲಾಗಲಿಲ್ಲ. ರಾಜು ಒಂದು ದಪ್ಪ ಪುಸ್ತಕ ಹಿಡಿದುಕೊಂಡು ಅವನ ಮನೆಗೆ ಹೋದ.

'ಅಬ್ಬಾ ತೀರ್ಕೊಂಡಿದ್ದಾರೆ ಕಣೋ. ಮಾಯ ಮಂತ್ರದ ಕಥೆ ಓದು ಅಂತೀಯಲ್ಲ,' ಎಂದ ಸಲೀಮ್.

'ಸಿಟ್‌ಕಾಮಲ್ಲಿ ಎಲ್ಲರೂ ನಗ್ತಾ ಇರ್ತಾರೆ ಸಲೀಮಣ್ಣ, ನಿಮಗೆ ಸಿಟ್ಟು ಬರತ್ತೆ. ಇದು ಏಳು ಪುಸ್ತಕ ಇದೆ. ಮುಗಿಯೋ ಹೊತ್ತಿಗೆ ಚಳಿಗಾಲ ಕಳೆದಿರತ್ತೆ.'

ಸಲೀಮ್ ಬೈದುಕೊಂಡೇ ಶುರು ಮಾಡಿದ. ಸ್ವಲ್ಪ ದಿನಕ್ಕೆ ಎರಡನೆಯದನ್ನು ಕೇಳಿಕೊಂಡು ಬಂದ. ಏಳನೆಯದನ್ನು ಹಿಂತಿರುಗಿಸಿದಾಗ ಅವನ ಮುಖದ ಮೇಲೆ ಒಂದಿಷ್ಟು ಕಳೆ ಬಂದಿತ್ತು.

ಆ ಸರಣಿಗೆ ರಾಜು ಇಟ್ಟ ಹೆಸರು 'ಮುಳುಗಿದ ಊರು'. ಒಂದು ದೊಡ್ಡ ಸರೋವರ, ಅದರ ತಳದಲ್ಲಿ ಒಂದು ಇಡೀ ಪಟ್ಟಣ. ನೀರು ನುಗ್ಗಿದ ದಿನ ಅಲ್ಲೇ ಉಳಿದುಹೋದ ತಂಗಿಯನ್ನು ಹುಡುಕುತ್ತ ಒಬ್ಬಳು ದೋಣಿ ನಡೆಸುತ್ತಿರುತ್ತಾಳೆ. ದೋಣಿಯಲ್ಲಿ ಕೂತವರಿಗೆ ಬರೀ ನೀರು ಕಾಣುತ್ತದೆ. ಅವಳು ಮಾತ್ರ ಹುಟ್ಟು ಹಾಕುತ್ತ, 'ಈಗ ಸಂತೆಬೀದಿ ಬಂತು, ಈಗ ನಮ್ಮ ಮನೆ ಬಂತು, ತಂಗಿ ಜಗುಲಿಯಲ್ಲಿ ಕೂತಿದ್ದಾಳೆ,' ಎಂದು ಹೇಳುತ್ತ ಹೋಗುತ್ತಾಳೆ. ಡ್ರ್ಯಾಗನ್ನು, ಮಾಂತ್ರಿಕರು, ಯುದ್ಧ ಎಲ್ಲವೂ ಇದ್ದವು. ನನಗೆ ಅದೆಲ್ಲ ಒಗ್ಗುವುದಿಲ್ಲ. ರಾಜು ಕಾರಿನಲ್ಲಿ ಹೇಳಿದ್ದಕ್ಕೇ ನನಗೆ ಇಷ್ಟು ನೆನಪಿದೆ.

ಈಗ ಲಿಂಗಮ್ಮನವರ ವಿಷಯಕ್ಕೆ ಬರಬೇಕು. ಯೂನಿಯನ್ ಸಿಟಿಯಲ್ಲಿದ್ದ ಮಧುಕರ್ ಕಾಲೇಜಿನಲ್ಲಿ ರಾಜುವಿಗೆ ಸೀನಿಯರ್. ಅವನ ತಾಯಿ ಲಿಂಗಮ್ಮ, ಹಾಸನದ ಕಡೆಯವರು. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋದರೆ ಮೊಮ್ಮಗಳು ಲಾಸ್ಯಾ ಸ್ಕೂಲಿನಿಂದ ಬರುವವರೆಗೆ ಅವರಿಗೆ ಮಾತಿಗೆ ಗೋಡೆಯೇ ಗತಿ. ರಾಜು ಅವರಿಗೆ ಲಾಂಡ್ರಿ ಕೊಟ್ಟ. ಒಂದಕ್ಷರ ಇಂಗ್ಲಿಷ್ ಬರದಿದ್ದರೂ ಅವರಿಗೆ ಆ ಅಜ್ಜಿ ಹಿಡಿಸಿಬಿಟ್ಟಳು. 'ನಮ್ಮತ್ತೆನೂ ಹಿಂಗೇ ಇದ್ರು ಕಣಪ್ಪ. ಚಪ್ಲಿ ಬದ್ಲು ಸೌದೆ ಎಸೀತಿದ್ರು,' ಎನ್ನುತ್ತಿದ್ದರು.

ಆಮೇಲೆ ಶನಿವಾರವೆಂದರೆ ನಮ್ಮಿಬ್ಬರ ಸವಾರಿ ಯೂನಿಯನ್ ಸಿಟಿಗೆ. ಅವರು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು, ರಾಜು ಅಡುಗೆಮನೆಯ ಕಟ್ಟೆಗೆ ಒರಗಿ ಮುಳುಗಿದ ಊರಿನ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ತಿನ್ನುವ ಕೆಲಸ ನನ್ನದು. ಆ ಕಥೆಯಲ್ಲಿ ಅವರಿಗೆ ವಿಚಿತ್ರವೆಂದು ಅನ್ನಿಸಿದ್ದು ಏನೂ ಇರಲಿಲ್ಲ. 'ಗೊರೂರು ಡ್ಯಾಮು ಕಟ್ಟಿದಾಗ ನಮ್ಮ ಚಿಕ್ಕಮ್ಮನ ಊರೂ ಹಿಂಗೇ ಮುಳುಗ್ತು. ಆ ಹುಡ್ಗಿಗೆ ತಂಗಿ ಸಿಗ್ತಾಳಾ, ಅದ್ ಹೇಳು,' ಎಂದರು. 'ಅದು ಕೊನೇ ಪುಸ್ತಕದಲ್ಲಿ ಅಮ್ಮ,' ಎಂದು ರಾಜು ಪ್ರತಿ ವಾರವೂ ತಪ್ಪಿಸಿಕೊಳ್ಳುತ್ತಿದ್ದ.

ಅವರು ಯಾಕೆ ಕೇಳುತ್ತಿದ್ದಾರೆಂದು ನಮಗೆ ಗೊತ್ತಿತ್ತು. ಅವರ ಮಗಳು, ಮಧುಕರನ ತಂಗಿ ಪುಟ್ಟಲಕ್ಷ್ಮಿ, ಮದುವೆಯಾಗಿ ಎರಡು ವರ್ಷವೂ ತುಂಬದೆ ಕಾಮಾಲೆಗೆ ತೀರಿಹೋಗಿದ್ದಳು. ಫೋಟೋ ಆಲ್ಬಮ್ಮು ಗಂಡನ ಮನೆಯಲ್ಲೇ ಉಳಿಯಿತು. ತಾಯಿಯ ಪಾಲಿಗೆ ಬಂದದ್ದು ಮದುವೆಯ ಒಂದು ವಿಡಿಯೋ ಕ್ಯಾಸೆಟ್ಟು. ಅಳಿಯ ವರ್ಷದೊಳಗೆ ಇನ್ನೊಂದು ಮದುವೆಯಾದಾಗ ಇವರು ಆ ಕ್ಯಾಸೆಟ್ಟಿನ ಮೇಲಿದ್ದ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತುಹಾಕಿದ್ದರು. ಅದರ ಮೇಲೆ ಅವನ ಹೆಸರೂ ಇತ್ತಲ್ಲ. ಹಾಸನದಲ್ಲಿದ್ದಾಗ ಪಕ್ಕದ ಮನೆಯ ವಿಸಿಆರ್‌ನಲ್ಲಿ ಅದನ್ನು ಹಾಕಿಸಿಕೊಂಡು ನೋಡುತ್ತಿದ್ದರು. ಅರಿಶಿನ ಹಚ್ಚುವಾಗ ದೊಡ್ಡಮ್ಮ ಅವಳ ಮೂಗಿಗೂ ಮೆತ್ತುತ್ತಾರೆ, ಅವಳು ಬಗ್ಗಿ ಬಗ್ಗಿ ನಗುತ್ತಾಳೆ. 'ಅವಳು ನಗೋದು ಅದೊಂದ್ರಲ್ಲೇ ಇರೋದು,' ಎಂದು ಅವರು ನಮಗೆ ಹೇಳಿದ್ದರು.

ಅಮೆರಿಕಕ್ಕೆ ಬರುವಾಗ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಬಂದ ದಿನವೇ ಹಾಕಿಸಿದರು. ಟಿವಿಯ ತುಂಬ ಬರೀ ನೀಲಿ. ನಮ್ಮ ದೇಶದ ಕ್ಯಾಸೆಟ್ಟು ಇಲ್ಲಿನ ಮಷೀನಿನಲ್ಲಿ ಓಡುವುದಿಲ್ಲ, ಎರಡರ ಪದ್ಧತಿ ಬೇರೆ. ಅಂಗಡಿಗೆ ಕೊಟ್ಟು ಬದಲಾಯಿಸಿಕೊಳ್ಳಬೇಕು. ಮಧುಕರ್ ಮಾಡಿಸುತ್ತೇನೆ ಎಂದ. ಮುಂದಿನ ವಾರ ಎಂದ. ಆಫೀಸಿನ ಈ ರಿಲೀಸ್ ಮುಗಿಯಲಿ ಎಂದ. ಲಿಂಗಮ್ಮ ಕಾದರು.

ಕಾದು ಕಾದು, ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಅವರು ತಾವೇ ಒಂದು ದಾರಿ ಕಂಡುಕೊಂಡರು. ಯಾವ ಕ್ಯಾಸೆಟ್ಟನ್ನು ಬೇಕಾದರೂ ಓಡಿಸಬಲ್ಲವನು ರಾಜು ಅಲ್ಲವೇ. ಅವನಿಗೆ ಹಿಂತಿರುಗಿಸುವ ಚೀಲದಲ್ಲಿ ಅದನ್ನೂ ಇಟ್ಟರು. 'ರಾಜುಗೆ ಒಂದ್ ಫೋನ್ ಮಾಡಿ ಹೇಳ್ಬಿಡು, ಪುಟ್ಟಲಕ್ಷ್ಮಿದೂ ಅದ್ರಲ್ಲಿ ಅದೆ, ಸರಿ ಮಾಡ್ಕೊಂಡ್ ಬರ್ಲಿ,' ಎಂದು ಮಗನಿಗೆ ಹೇಳಿದರು. ಆಫೀಸಿಗೆ ಹೋಗುವ ದಾರಿಯಲ್ಲಿ ಮಧುಕರ್ ಚೀಲವನ್ನು ನಮ್ಮ ಬಾಗಿಲಿಗೆ ನೇತುಹಾಕಿ ಹೋದ. ಅದು ಅವನ ಕಂಪನಿ ಷೇರು ಮಾರುಕಟ್ಟೆಗೆ ಇಳಿದ ವಾರ. ಫೋನ್ ಮಾಡುವುದನ್ನು ಮರೆತ.

ಸಂಜೆ ರಾಜು ಎಂದಿನಂತೆ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದ. ಚೀಟಿ ಇಲ್ಲದ ಒಂದನ್ನು ಹಾಕಿದಾಗ ಪರದೆ ನೀಲಿಯಾಯಿತು. ಮುಂದಕ್ಕೆ ಓಡಿಸಿ ನೋಡಿದ, ಅಲ್ಲೂ ನೀಲಿ. 'ಇದು ಖಾಲಿ ಕಣೋ,' ಎಂದ. ಊರಿನ ಕ್ಯಾಸೆಟ್ಟೂ ಇಲ್ಲಿ ಹೀಗೇ ನೀಲಿಯಾಗುತ್ತದೆಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕ್ಯಾಸೆಟ್ಟಿನ ಬೆನ್ನಿಗೆ ಒಂದು ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಮಷೀನು ಅದರ ಮೇಲೆ ಮತ್ತೇನನ್ನೂ ರೆಕಾರ್ಡ್ ಮಾಡುವುದಿಲ್ಲ. ಇದರಲ್ಲಿ ಮುರಿದಿತ್ತು. ಆದರೆ ಆ ತೂತಿನ ಮೇಲೆ ಸೆಲೋಟೇಪ್ ಅಂಟಿಸಿದರೆ ಮಷೀನು ಮೋಸಹೋಗುತ್ತದೆ. ಹಳೆಯದನ್ನು ಬಿಸಾಡಲು ಕೈ ಬಾರದ ನಮ್ಮವರ ಮನೆಗಳಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸವೇ ಅದು. ರಾಜುವೂ ಅಂಟಿಸಿದ. ಮೂರು ಕಂತು ಲಾಂಡ್ರಿಯನ್ನು ಅದರ ಮೇಲೆ ತುಂಬಿಸಿದ, ಅದೂ ಲಿಂಗಮ್ಮನವರಿಗೆಂದೇ. ಆ ಅಜ್ಜಿಯ ಹುಟ್ಟುಹಬ್ಬದ ಕಂತುಗಳು ಅವು.

ಶನಿವಾರ ನಾವು ಹೋದಾಗ ಲಿಂಗಮ್ಮ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಸೋಫಾದಲ್ಲಿ ಕೂತಿದ್ದರು. ಟೇಬಲ್ಲಿನ ಮೇಲೆ ಕಜ್ಜಾಯ ಇತ್ತು. ಏನೋ ಹಬ್ಬವಿರಬೇಕು ಎಂದುಕೊಂಡು ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ.

'ಸರಿ ಮಾಡ್ಕೊಂಡ್ ಬಂದ್ಯಾ ಮಗ?' ಎಂದರು ಲಿಂಗಮ್ಮ.

'ಹೂಂ ಅಮ್ಮ, ಎರಡು ಸಲ ನೋಡಿದೀನಿ. ಚೆನ್ನಾಗಿ ಬಂದಿದೆ,' ಎಂದು ರಾಜು ಕ್ಯಾಸೆಟ್ಟನ್ನು ತಾನೇ ಹಾಕಿದ.

ಪರದೆ ನೀಲಿಯಾಗಲಿಲ್ಲ. ಚಿತ್ರ ಬಂತು. ಲಿಂಗಮ್ಮ ಮುಂದಕ್ಕೆ ಬಾಗಿದರು. ಲಾಂಡ್ರಿಯ ಹಬೆ, ಅಣ್ಣತಮ್ಮಂದಿರು, ಅಜ್ಜಿ, ಚಪ್ಪಲಿ, ನಗು. ಅವರು ನಗಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಮರ್ಯಾದೆಯಿಂದ ನೋಡುತ್ತಿದ್ದರು. ಒಂದು ಕಂತು ಮುಗಿಯಿತು, ಇನ್ನೊಂದು ಶುರುವಾಯಿತು.

'ಇದ್ ಮುಗುದ್ಮೇಲೆ ಬತ್ತಾಳಾ?' ಎಂದು ಕೇಳಿದರು.

'ಯಾರಮ್ಮ?'

'ಪುಟ್ಟಲಕ್ಷ್ಮಿ.'

'ಅಜ್ಜಿ, ಇಟ್ಸ್ ಜಸ್ಟ್ ದ ಲಾಂಡ್ರಿ ಶೋ,' ಎಂದಳು ಕೆಳಗೆ ಕೂತಿದ್ದ ಲಾಸ್ಯಾ.

ಕಾಫಿ ತರುತ್ತಿದ್ದ ಮಧುಕರ್ ಬಾಗಿಲಲ್ಲೇ ನಿಂತ. 'ರಾಜು, ಆ ಟೇಪು... ನಾನು ನಿಂಗೆ ಫೋನ್ ಮಾಡಬೇಕಿತ್ತು,' ಎಂದ.

ರಾಜು ಎದ್ದು ಹೋಗಿ ಕ್ಯಾಸೆಟ್ಟನ್ನು ಹೊರತೆಗೆದ. ಅದರ ಮೇಲೆ ಉಗುರಿನಿಂದ ಕೆರೆದ ಗುರುತುಗಳಿದ್ದವು. ಬೆನ್ನಿನ ಮೇಲೆ ಅವನೇ ಅಂಟಿಸಿದ ಸೆಲೋಟೇಪ್ ಇತ್ತು. ಅವನ ಮುಖ ನೋಡಲಾಗದೆ ನಾನು ಕಜ್ಜಾಯದ ತಟ್ಟೆಯನ್ನು ನೋಡುತ್ತ ಕೂತೆ. ಅಂಥ ಸಂಕಟವನ್ನು ನಾನು ಮತ್ತೆ ಯಾವ ಮನೆಯಲ್ಲೂ ಕಂಡಿಲ್ಲ. ಲಿಂಗಮ್ಮ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಎದ್ದು ಒಳಗೆ ಹೋಗಿ ಉಟ್ಟ ಸೀರೆ ಬದಲಾಯಿಸಿಕೊಂಡು ಬಂದು, ನಮಗೆ ಊಟಕ್ಕೆ ಬಡಿಸಿದರು.

ಸೋಮವಾರ ರಾಜು ಆಫೀಸಿಗೆ ರಜೆ ಹಾಕಿ, ಕ್ಯಾಸೆಟ್ಟಿನಲ್ಲಿ ಉಳಿದಿದ್ದಷ್ಟನ್ನು ಅಂಗಡಿಯಲ್ಲಿ ಬೇರೆ ಕ್ಯಾಸೆಟ್ಟಿಗೆ ಹಾಕಿಸಿಕೊಂಡು ತಂದ. ಚಪ್ಪರ, ಬಳೆ, ಅರಿಶಿನ, ಧಾರೆ ಎಲ್ಲ ಹೋಗಿತ್ತು. ಉಳಿದದ್ದು ನೆಂಟರ ಊಟದ ಪಂಕ್ತಿ, ಆಮೇಲೆ ಹೆಣ್ಣು ಒಪ್ಪಿಸುವ ಶಾಸ್ತ್ರ. ಪುಟ್ಟಲಕ್ಷ್ಮಿ ತಾಯಿಯ ಕೊರಳಿಗೆ ಬಿದ್ದು ಅಳುತ್ತಿದ್ದಳು. ಲಿಂಗಮ್ಮ ಒಮ್ಮೆ ನೋಡಿದರು.

'ಅಳೋದ್ ಉಳ್ಕೊಂಡದೆ,' ಎಂದರು. 'ನಗೋದ್ ಹೋಯ್ತು.'

ರಾಜು ಹಾಸನಕ್ಕೆ ಫೋನ್ ಮಾಡಿದ. ಮದುವೆಯ ವಿಡಿಯೋ ತೆಗೆದ ಸ್ಟುಡಿಯೋದ ಗುರುಶಾಂತಪ್ಪನವರನ್ನು ಯಾರು ಯಾರನ್ನೋ ಹಿಡಿದು ಪತ್ತೆ ಮಾಡಿದ. ನಾನು ಪಕ್ಕದಲ್ಲೇ ಇದ್ದೆ. ಅವರು ಪಾಪ ಒಳ್ಳೆಯ ಮನುಷ್ಯ. 'ಒರಿಜಿನಲ್ಲು ಇಟ್ಕೊಳಲ್ಲ ಸಾರ್. ಅದ್ರ ಮೇಲೇನೇ ಮುಂದಿನ ಮದ್ವೆ ತೆಗೀತೀವಿ,' ಎಂದರಂತೆ. ರಾಜು ಫೋನಿಟ್ಟ. 'ಅವರೂ ನನ್ನ ಹಾಗೇನೇ ಕಣೋ ಹಸನ್,' ಎಂದ.

ಅವತ್ತಿನಿಂದ ಅವನು ವಿಸಿಆರ್ ಮುಟ್ಟಲಿಲ್ಲ. ಹೊಸಬರು ಬಂದರೆ, 'ನಂಗೇನೂ ಗೊತ್ತಿಲ್ಲ, ಟಿವಿಲಿ ಬರೋದನ್ನ ನೋಡಿ,' ಎಂದು ರೂಮಿಗೆ ಹೋಗಿಬಿಡುತ್ತಿದ್ದ. ಶನಿವಾರಗಳಲ್ಲಿ ಆಫೀಸಿಗೆ ಹೋಗತೊಡಗಿದ. ಟಿವಿ ನನ್ನ ಪಾಲಿಗೆ ಬಂತು. ನನಗೆ ಅದು ಬೇಡವಾಗಿತ್ತು. ನಾನು ಬೈದೆ, ರಮಿಸಿದೆ, ತಪ್ಪು ಮಧುಕರನದೆಂದು ಕೂಗಾಡಿದೆ. ಮಧುಕರನ ಮೇಲೆ ನನಗೆ ಇವತ್ತಿಗೂ ಕೋಪವಿದೆ, ಅದನ್ನು ಮುಚ್ಚಿಡುವುದಿಲ್ಲ. ರಾಜುವಿಗೆ ಮಾತ್ರ ಇರಲಿಲ್ಲ. 'ತಪ್ಪು ಹುಡುಕೋದು ನನ್ನ ಕೆಲಸ,' ಎನ್ನುತ್ತಿದ್ದ.

ಯೂನಿಯನ್ ಸಿಟಿಯಿಂದ ಆಗಾಗ ಫೋನ್ ಬರುತ್ತಿತ್ತು. ಲಾಸ್ಯಾ ಮಾತಾಡುತ್ತಿದ್ದಳು, ಹಿಂದಿನಿಂದ ಲಿಂಗಮ್ಮನವರ ದನಿ ಹೇಳಿಕೊಡುತ್ತಿತ್ತು. 'ರಾಜು ಅಂಕಲ್, ಅಜ್ಜಿ ವಾಂಟ್ಸ್ ಟು ನೋ ಇಫ್ ದ ಬೋಟ್ ಗರ್ಲ್ ಫೈಂಡ್ಸ್ ಹರ್ ಸಿಸ್ಟರ್.' ಆರನೆಯ ಪುಸ್ತಕದ ನಡುವೆ ಕಥೆ ನಿಂತುಹೋಗಿತ್ತು. ಬರುತ್ತೇನೆ ಎನ್ನುತ್ತಿದ್ದ, ಹೋಗುತ್ತಿರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ರಾಜುವಿನದೂ ಹಾಕಿತು. ವೀಸಾ ಇದ್ದದ್ದೇ ಆ ಕೆಲಸದ ಮೇಲೆ, ಊರಿಗೆ ಹೊರಡಲೇಬೇಕಾಯಿತು. ಅವನೀಗ ಮಂಡ್ಯದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಮನೆಯಲ್ಲಿ ಟಿವಿ ಇಟ್ಟಿಲ್ಲವೆಂದು ಅವನ ಹೆಂಡತಿ ನನ್ನ ಹತ್ತಿರ ದೂರಿದ್ದಾಳೆ. ಅವನು ಅಮೆರಿಕ ಬಿಡುವ ಮುಂಚಿನ ಶನಿವಾರ ನಾನು ಅವನನ್ನು ಕಾರಿಗೆ ದಬ್ಬಿ, ಫ್ರೀವೇ ಹಿಡಿದು, ಯೂನಿಯನ್ ಸಿಟಿಗೆ ಕರೆದುಕೊಂಡು ಹೋದೆ.

ಲಿಂಗಮ್ಮ ಸೊರಗಿದ್ದರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ರೊಟ್ಟಿಯ ಹಿಟ್ಟು ಕಲಸುತ್ತ, 'ಹೇಳು ಮತ್ತೆ,' ಎಂದರು. ರಾಜು ಕಟ್ಟೆಗೆ ಒರಗಿ ನಿಂತು ಉಳಿದದ್ದನ್ನೆಲ್ಲ ಹೇಳಿದ. ಯುದ್ಧ ಮುಗಿಯಿತು, ಮಾಂತ್ರಿಕ ಸತ್ತ. ಸರೋವರ ಬತ್ತಲಿಲ್ಲ.

'ತಂಗಿ?'

'ಸಿಗಲ್ಲ ಅಮ್ಮ,' ಎಂದ ರಾಜು. 'ಅವಳಿಗೆ ವಯಸ್ಸಾಗತ್ತೆ. ದೋಣಿ ನಡೆಸೋದು ಬಿಡಲ್ಲ. ಕೂತವರಿಗೆ ಹೇಳ್ತಾನೇ ಇರ್ತಾಳೆ, ಈಗ ಸಂತೆಬೀದಿ ಬಂತು, ಈಗ ನಮ್ಮ ಮನೆ ಬಂತು ಅಂತ. ಅಲ್ಲಿಗೆ ಮುಗಿಯತ್ತೆ.'

ಲಿಂಗಮ್ಮ ಕೊನೆಯ ರೊಟ್ಟಿಯನ್ನು ಹಂಚಿನಿಂದ ತೆಗೆದು, ಒಲೆ ಆರಿಸಿ, ಕೈ ತೊಳೆದು ಬಂದರು. 'ಆ ಕ್ಯಾಸೆಟ್ ಹಾಕು,' ಎಂದರು.

'ಯಾವುದಮ್ಮ?'

'ನೀನು ಲಾಂಡ್ರಿ ತುಂಬಿದ್ಯಲ್ಲ, ಅದು. ನಾನು ದಿನಾ ಮಧ್ಯಾಹ್ನ ಅದನ್ನೇ ನೋಡೋದು.'

ಅದನ್ನು ಅವರು ಯಾರಿಗೂ ಮುಟ್ಟಗೊಡದೆ ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದರು. ರಾಜು ನನ್ನ ಮುಖ ನೋಡಿದ. ನಾನು ಅದನ್ನು ತಂದು ವಿಸಿಆರ್‌ಗೆ ಹಾಕಿದೆ. ಲಾಂಡ್ರಿಯ ಹಬೆ ಎದ್ದಿತು. ಅಣ್ಣತಮ್ಮಂದಿರು ಒಂದು ಅಂಗಿಯನ್ನು ಹಿಡಿದು ಎಳೆದಾಡತೊಡಗಿದರು. ಲಿಂಗಮ್ಮ ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟು ರಾಜುವನ್ನು ಕೂರಿಸಿಕೊಂಡರು.

'ಈಗ ಚಪ್ಪರ ಬಂತು,' ಎಂದರು ಪರದೆಯ ಕಡೆ ಕೈ ತೋರಿಸಿ. 'ಅವ್ಳ ಸೋದರಮಾವ ಬಾಳೆಕಂದು ಕಟ್ತಾವ್ನೆ. ಬಳೆಗಾರ ಬಂದ ನೋಡು, ಇವಳ ಕೈ ಸಣ್ಣದು ಅಂತ ಬಳೆ ಹುಡುಕ್ತಾವ್ನೆ.'

ಟಿವಿಯಲ್ಲಿ ಅಜ್ಜಿ ಕಿಟಕಿ ತೆರೆದಳು.

'ಅವ್ಳ ದೊಡ್ಡಮ್ಮ ಅರಿಶಿನದ ಬಟ್ಲು ಹಿಡ್ಕೊಂಡ್ ಬಂದ್ಲು. ಕೆನ್ನೆಗೆ ಹಚ್ತಾಳೆ. ಇರು, ಈಗ ಮೂಗಿಗೆ ಹಚ್ತಾಳೆ.'

ಅಜ್ಜಿ ಚಪ್ಪಲಿ ಎಸೆದಳು. ಕಾಣದ ಜನರೆಲ್ಲ ಗೊಳ್ಳೆಂದು ನಕ್ಕರು.

'ನಗ್ತಾವ್ಳೆ,' ಎಂದರು ಲಿಂಗಮ್ಮ. 'ಕಂಡ್ಳಾ ರಾಜು?'

ರಾಜು ಪರದೆಯಿಂದ ಕಣ್ಣು ಕೀಳಲಿಲ್ಲ. 'ಹೂಂ ಅಮ್ಮ, ಕಂಡ್ಳು,' ಎಂದ.